ಸ್ವಿಚ್ ಆರಿಸಿದರೆ ನಿಲ್ಲುವ ವಿಕಿರಣ

ವಿಕಿರಣ ಮೀಟರು ತೋರಿಸುವ ಅಂಕಿಯನ್ನು ನಂಬಿಕೊಂಡೇ ಕೈಗಾದಂಥ ಅಣುಸ್ಥಾವರದಲ್ಲಿ ಕೆಲಸಗಾರರು ಒಳಗೆ ಕಾಲಿಡುತ್ತಾರೆ. ಕ್ಯಾನ್ಸರ್ ಆಸ್ಪತ್ರೆಗಳ ಸಿಬ್ಬಂದಿಯ ಸುರಕ್ಷತೆಯೂ ಅಂಥದೇ ಅಂಕಿಗಳ ಮೇಲೆ ನಿಂತಿದೆ. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವ ಮುನ್ನ ತೂಕ ಗೊತ್ತಿರುವ ಬಟ್ಟು ಇಟ್ಟು ನೋಡುವ ಹಾಗೆ, ಈ ಮೀಟರನ್ನೂ ಪ್ರಮಾಣ ಗೊತ್ತಿರುವ ವಿಕಿರಣದ ಎದುರಿಗಿಟ್ಟು ಆಗಾಗ ಪರೀಕ್ಷಿಸಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ದಶಕಗಳಿಂದ ಜಗತ್ತಿನ ಪ್ರಯೋಗಾಲಯಗಳು ಇದಕ್ಕೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವನ್ನು.

ಸೀಸಿಯಂ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಅದರಿಂದ ಹೊಮ್ಮುವ ಗಾಮಾ ಕಿರಣದ ಶಕ್ತಿ 662 ಕಿಲೋ ಇಲೆಕ್ಟ್ರಾನ್ ವೋಲ್ಟ್. ಅದು ಎಂದೂ ಬದಲಾಗದು. ಅರ್ಧಾಯು ಸುಮಾರು 30 ವರ್ಷ. ಅಂದರೆ ತೀವ್ರತೆ ವರ್ಷಕ್ಕೆ ಶೇ. 2.3ರಷ್ಟು ಮಾತ್ರ ಇಳಿಯುತ್ತದೆ, ಅದೂ ಮೊದಲೇ ಲೆಕ್ಕ ಹಾಕಿಟ್ಟಂತೆ. ಕರೆಂಟು ಬೇಡ, ರಿಪೇರಿ ಬೇಡ.

ಆದರೆ ಅದನ್ನು ಆರಿಸಲು ಬರುವುದಿಲ್ಲ. ಹಳೆಯ, ಹೆಚ್ಚು ತೀವ್ರತೆಯ ಆಕರಗಳಲ್ಲಿ ಸೀಸಿಯಂ ಇರುವುದು ಕ್ಲೋರೈಡ್ ರೂಪದ ಪುಡಿಯಾಗಿ. ಉಪ್ಪಿನ ಜಾತಿಯ ಈ ಪುಡಿ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಮೈಗೆ ಬಟ್ಟೆಗೆ ಅಂಟುತ್ತದೆ. 1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ, ಖಾಲಿ ಬಿದ್ದಿದ್ದ ಚಿಕಿತ್ಸಾಲಯವೊಂದರಿಂದ ಇಬ್ಬರು ಹಳೆಯ ಯಂತ್ರದ ಭಾಗವನ್ನು ಕಳಚಿ ತಂದು ಗುಜರಿಗೆ ಮಾರಿದರು. ಒಳಗಿದ್ದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಬೆರಗಾದ ಜನ ಅದನ್ನು ನೆಂಟರಿಷ್ಟರಿಗೆ ಹಂಚಿದರು, ಮೈಗೆ ಹಚ್ಚಿಕೊಂಡರು. 249 ಮಂದಿಗೆ ಸೀಸಿಯಂ ತಾಗಿತು, ನಾಲ್ವರು ಸತ್ತರು. ಸತ್ತವರಲ್ಲಿ ಆರು ವರ್ಷದ ಬಾಲಕಿಯೂ ಇದ್ದಳು. ನಮ್ಮಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಪ್ರಯೋಗಾಲಯದಲ್ಲಿದ್ದ ಕೋಬಾಲ್ಟ್-60 ಎಂಬ ಇನ್ನೊಂದು ವಿಕಿರಣಶೀಲ ವಸ್ತು ಬಂದು ಒಬ್ಬರ ಜೀವ ತೆಗೆಯಿತು. 2019ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಂತೂ ಅಪಾಯ ತಪ್ಪಿಸಲೆಂದೇ ಸೀಸಿಯಂ ಯಂತ್ರವನ್ನು ತೆರವು ಮಾಡುತ್ತಿದ್ದಾಗ ಅದು ಸೋರಿ 13 ಮಂದಿಗೆ ತಾಗಿತು.

ಇವು ಯಾವುವೂ ಕ್ಯಾಲಿಬ್ರೇಷನ್ ಆಕರಗಳಲ್ಲ, ನಿಜ. ಆದರೆ ಸಮಸ್ಯೆ ಅದೇ: ಕೆಲಸ ಮುಗಿದ ಮೇಲೂ ಕಾವಲು ಕಾಯಬೇಕಾದ ವಸ್ತು. ಸೀಸಿಯಂ ಕ್ಲೋರೈಡ್ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2008ರಲ್ಲೇ ಹೇಳಿತ್ತು.

ಬದಲಿ ಎಂದರೆ ಲಿನಾಕ್, ಅಂದರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇರುವಂಥ ಇಲೆಕ್ಟ್ರಾನ್ ವೇಗವರ್ಧಕ. ಅದು ಇಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಟಂಗ್‌ಸ್ಟನ್ ತಗಡಿಗೆ ಬಡಿಸುತ್ತದೆ. ತಗಡಿನಲ್ಲಿ ಇಲೆಕ್ಟ್ರಾನುಗಳು ಗಕ್ಕನೆ ನಿಧಾನವಾಗುವಾಗ ಎಕ್ಸ್-ರೇ ಹೊಮ್ಮುತ್ತದೆ. ಸ್ವಿಚ್ ಆರಿಸಿದ ಕ್ಷಣವೇ ಕಿರಣ ನಿಲ್ಲುತ್ತದೆ. ಕದ್ದೊಯ್ದರೂ ಸಿಗುವುದು ಕಬ್ಬಿಣ, ತಾಮ್ರದಂಥ ಲೋಹ ಮಾತ್ರ.

ಹಾಗಾದರೆ ಇಂದೇ ಏಕೆ ಬದಲಿಸಬಾರದು? ಎರಡು ತೊಡಕುಗಳಿವೆ.

ಒಂದು, ಲಿನಾಕ್‌ನಲ್ಲಿ ಒಂದೇ ಶಕ್ತಿಯ ಕಿರಣ ಸಿಗದು. ಸೊನ್ನೆಯ ಹತ್ತಿರದಿಂದ ಗರಿಷ್ಠದವರೆಗೆ ಎಲ್ಲ ಶಕ್ತಿಯವೂ ಕಲಸಿಕೊಂಡು ಬರುತ್ತವೆ. ಸರಾಸರಿಯು ಗರಿಷ್ಠದ ಮೂರನೇ ಒಂದು ಭಾಗದ ಆಸುಪಾಸು. ಒಂದೊಂದು ಬಗೆಯ ಮೀಟರು ಒಂದೊಂದು ಶಕ್ತಿಗೆ ಬೇರೆಬೇರೆಯಾಗಿ ಸ್ಪಂದಿಸುವುದರಿಂದ ಈ ಕಲಬೆರಕೆ ಫಲಿತಾಂಶವನ್ನು ಕೆಡಿಸಬಲ್ಲದು. ಇದಕ್ಕೆ ಪರಿಹಾರವಿದೆ. ಇಲೆಕ್ಟ್ರಾನಿನ ಶಕ್ತಿಯನ್ನು ಸುಮಾರು 20 ಲಕ್ಷ ಇಲೆಕ್ಟ್ರಾನ್ ವೋಲ್ಟ್ ಮಟ್ಟಕ್ಕೆ ಇಳಿಸಿ, ಸೀಸದ ಅಥವಾ ತಾಮ್ರದ ಹಲಗೆಗಳಿಂದ ದುರ್ಬಲ ಕಿರಣಗಳನ್ನು ಸೋಸಿದರೆ, ಸೀಸಿಯಂ ಕಿರಣಕ್ಕೆ ಹತ್ತಿರದ ವರ್ತನೆ ಪಡೆಯಬಹುದು.

ಎರಡನೆಯದು ಹೆಚ್ಚು ಕಠಿಣ. ಸೀಸಿಯಂನ ಕಿರಣ ಎಡೆಬಿಡದೆ ಬರುತ್ತದೆ. ಲಿನಾಕ್‌ನದು ಮಿಡಿತಗಳಲ್ಲಿ ಬರುತ್ತದೆ. ಸೆಕೆಂಡಿಗೆ 200 ಮಿಡಿತ, ಪ್ರತಿಯೊಂದೂ 4 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ಈಗ ಗೈಗರ್ ಕೌಂಟರನ್ನು ಅದರ ಮುಂದಿಡಿ. ಒಂದು ಕಿರಣವನ್ನು ಎಣಿಸಿದ ಮೇಲೆ ಅದು 100 ಮೈಕ್ರೋಸೆಕೆಂಡಿನಷ್ಟು ಹೊತ್ತು ಬೇರೇನನ್ನೂ ಎಣಿಸಲಾರದು. ಒಂದು ಮಿಡಿತದಲ್ಲಿ ಹತ್ತು ಕಿರಣ ಬಂದರೂ ಹತ್ತು ಸಾವಿರ ಬಂದರೂ ಅದರ ಲೆಕ್ಕಕ್ಕೆ ಒಂದೇ. ಹೀಗಾಗಿ ಅದು ಸೆಕೆಂಡಿಗೆ 200ಕ್ಕೆ ನಿಂತುಬಿಡುತ್ತದೆ. ವಿಕಿರಣ ನೂರು ಪಟ್ಟು ಏರಿದರೂ ಅದೇ 200. ಇದನ್ನು ಯಂತ್ರದ ಕೆಟ್ಟತನ ಎನ್ನಲಾಗದು, ಮೀಟರಿನ ದೋಷ ಎನ್ನಲೂ ಆಗದು. ಇಬ್ಬರ ತಾಳ ಕೂಡುವುದಿಲ್ಲ, ಅಷ್ಟೇ. ತೀವ್ರತೆಯನ್ನು ತೀರಾ ತಗ್ಗಿಸಿ, ಹಲವು ಮಿಡಿತಗಳಿಗೊಮ್ಮೆ ಒಂದು ಎಣಿಕೆ ಬರುವಂತೆ ಮಾಡಿದರೆ ಅಳೆಯಬಹುದು. ಇಲ್ಲವೇ ಬಿಡದೆ ಕಿರಣ ಸುರಿಸುವ ಬೇರೆ ಬಗೆಯ ವೇಗವರ್ಧಕ ಬೇಕು.

ಕಿರಣ ಗಾಳಿಯಲ್ಲಿ ಹುಟ್ಟಿಸುವ ವಿದ್ಯುತ್ತನ್ನು ಒಟ್ಟಾಗಿ ಅಳೆಯುವ ಅಯಾನು ಕೋಶಗಳಿಗೆ ಈ ತೊಂದರೆ ಬಹಳ ಕಡಿಮೆ, ತಿದ್ದುಪಡಿ ಲೆಕ್ಕದಲ್ಲೇ ನಿಭಾಯಿಸಬಹುದು. ಕೆಲಸಗಾರರ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜೂ ಹಾಗೆಯೇ. ಅದು ಬಿದ್ದಷ್ಟು ವಿಕಿರಣವನ್ನು ಕೂಡಿಟ್ಟುಕೊಳ್ಳುತ್ತದೆಯೇ ಹೊರತು ಒಂದೊಂದಾಗಿ ಎಣಿಸುವುದಿಲ್ಲ.

ಇನ್ನು ಖರ್ಚಿನ ಮಾತು. ಲಿನಾಕ್ ಯಂತ್ರಕ್ಕೆ ವಿದ್ಯುತ್, ತಂಪು ನೀರು, ನುರಿತ ತಂತ್ರಜ್ಞರು ಬೇಕು. ಅದರ ಕಿರಣ ಏರಿಳಿಯುವುದರಿಂದ ಪ್ರತಿ ಪರೀಕ್ಷೆಯಲ್ಲೂ ಪಕ್ಕದಲ್ಲೊಂದು ಕಾವಲು ಕೋಶವಿಟ್ಟು ಅಳೆಯುತ್ತಿರಬೇಕು. ಆ ಖರ್ಚನ್ನು ಸೀಸಿಯಂನ ಬೆಲೆಗೆ ಹೋಲಿಸುವುದು ತಪ್ಪು. ಅದನ್ನು ಹೋಲಿಸಬೇಕಾದದ್ದು ದಶಕಗಳ ಕಾವಲು ಮತ್ತು ಕೊನೆಗೆ ವಿಲೇವಾರಿಯ ಖರ್ಚಿನ ಜೊತೆ. ಗೈಗರ್ ಕೌಂಟರುಗಳಿಗಾಗಿ ಸಣ್ಣ ತೀವ್ರತೆಯ ಸೀಸಿಯಂ ಇನ್ನಷ್ಟು ಕಾಲ ಇರಲಿ. ಆದರೆ ಅಯಾನು ಕೋಶ, ಬ್ಯಾಡ್ಜುಗಳ ಕೆಲಸಕ್ಕೆ ಹೊಸದಾಗಿ ಕಟ್ಟುವ ಯಾವ ಪ್ರಯೋಗಾಲಯವೂ ಇನ್ನು ಮುಂದೆ ಸೀಸಿಯಂ ಪುಡಿಯನ್ನು ತರಿಸಬಾರದು.