ಲೋಕಾಂತ್ಯದ ಚಿತ್ರಗಳೂ ಇತಿಹಾಸದ ಅಂತ್ಯಗಳೂ

ಪ್ರಳಯದ ಕಥೆ ನಮ್ಮ ಪುರಾಣಗಳಿಗೆ ಹೊಸದಲ್ಲ. ಆದರೆ ಅಲ್ಲಿ ಪ್ರಳಯವು ಒಂದು ಕಲ್ಪದ ಮುಕ್ತಾಯ, ಮತ್ತೊಂದು ಸೃಷ್ಟಿಯ ಪೀಠಿಕೆ. ಚಲಚ್ಚಿತ್ರವು ಈ ವಸ್ತುವನ್ನು ಕೈಗೊಂಡು ಅದಕ್ಕೆ ವಿಜ್ಞಾನದ ವೇಷವನ್ನು ತೊಡಿಸಿತು. ರೋಲಂಡ್ ಎಮೆರಿಕ್ ನಿರ್ದೇಶಿಸಿ ೨೦೦೯ರಲ್ಲಿ ತೆರೆಕಂಡ ‘೨೦೧೨’ ಎಂಬ ಚಿತ್ರವು ಇದಕ್ಕೆ ನಿದರ್ಶನ. ಭಾರತದ ಆಳವಾದ ತಾಮ್ರದ ಗಣಿಯೊಂದರಲ್ಲಿ ವಿಜ್ಞಾನಿಯೊಬ್ಬನು, ಸೂರ್ಯನಿಂದ ಬಂದ ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳು ಭೂಗರ್ಭವನ್ನು ಕಾಯಿಸುತ್ತಿರುವುದನ್ನು ಕಾಣುವನು. ಮುಂದೆ ನೆಲವು ಕುಸಿದು ಸಮುದ್ರವು ಪರ್ವತಗಳ ಮೇಲೇರಿ ಬರುವುದು.

ಆ ಗಣಿಯು ಕಲ್ಪಿತವಾದರೂ ಅದನ್ನು ಹೋಲುವ ನಿಜವಾದ ಗಣಿಯೊಂದು ನಮ್ಮ ನಾಡಿನಲ್ಲಿಯೇ ಇದ್ದಿತು. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಏಳು ಸಾವಿರ ಅಡಿಗಳಿಗೂ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು ಪತ್ತೆಮಾಡಿದರು. ಅಷ್ಟು ಆಳಕ್ಕೆ ಇಳಿಯಬೇಕಾದುದೇಕೆ? ಮೇಲಿನ ಬಂಡೆಯು ಇತರ ಕಣಗಳನ್ನು ತಡೆಯುವುದು. ನ್ಯೂಟ್ರಿನೋ ಮಾತ್ರ ಇಡೀ ಭೂಮಿಯನ್ನೇ ಹಾದುಹೋಗಬಲ್ಲದು. ಹೀಗೆ ಬಹುಮಟ್ಟಿಗೆ ಯಾವುದಕ್ಕೂ ತಗುಲದೆ ಹಾದುಹೋಗುವ ಕಣವು ಭೂಗರ್ಭವನ್ನು ಕುದಿಸಲಾರದು. ಚಿತ್ರದ ವೈಜ್ಞಾನಿಕ ಆಧಾರವು ಇಲ್ಲಿಯೇ ಮುರಿದುಬೀಳುವುದು.

೧೯೮೪ರಲ್ಲಿ ಬಿ.ಬಿ.ಸಿ. ದೂರದರ್ಶನವು ಪ್ರಸಾರಮಾಡಿದ ‘ಥ್ರೆಡ್ಸ್’ ಬೇರೆ ಮಾರ್ಗವನ್ನು ಹಿಡಿಯಿತು. ಅಲ್ಲಿ ಅಂತ್ಯವನ್ನು ತರುವುದು ಪ್ರಕೃತಿಯಲ್ಲ, ಅಣುಯುದ್ಧ. ಶೆಫೀಲ್ಡ್ ಎಂಬ ಕೈಗಾರಿಕಾನಗರದ ಸಾಮಾನ್ಯ ಕುಟುಂಬಗಳ ಪಾಡನ್ನು ತೋರಿಸುವ ಆ ಕಥೆಯು, ಬಾಂಬು ಬಿದ್ದ ದಿನಕ್ಕೆ ಮುಗಿಯದೆ, ಮುಂದಿನ ಹತ್ತಾರು ವರ್ಷಗಳ ಹಸಿವು ಚಳಿಗಳನ್ನೂ ಅನುಸರಿಸುವುದು. ಇತಿಹಾಸದ ವಿದ್ಯಾರ್ಥಿಗೆ ಹತ್ತಿರವಾದುದು ಈ ಮಾರ್ಗವೇ. ಏಕೆಂದರೆ ಇಲ್ಲಿ ಅಂತ್ಯಕ್ಕೆ ಕಾರಣವುಂಟು, ಕರ್ತೃಗಳುಂಟು.

ಕೋಲಾರದ ಗಣಿಗೆ ಪ್ರಳಯ ಬರಲಿಲ್ಲ. ಚಿನ್ನದ ಬೆಲೆಗಿಂತ ಅದನ್ನು ತೆಗೆಯುವ ವೆಚ್ಚವು ಹೆಚ್ಚಾಯಿತು; ೨೦೦೧ರ ಫೆಬ್ರವರಿ ೨೮ರಂದು ಗಣಿಯನ್ನು ಮುಚ್ಚಲಾಯಿತು; ತಲೆಮಾರುಗಳಿಂದ ಅದನ್ನು ನಂಬಿದ್ದ ಕುಟುಂಬಗಳಿಗೆ ಒಂದು ಲೋಕವೇ ಮುಗಿಯಿತು. ನಮ್ಮ ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ನಿಂತಾಗಲೂ ಆದುದು ಇದೇ. ಯಾರೂ ಹೊಣೆಗಾರರಲ್ಲದ ಪ್ರಳಯವನ್ನು ತೆರೆಯ ಮೇಲೆ ನೋಡಿ ಬೆರಗಾಗುವುದು ಸುಲಭ. ಮನುಷ್ಯರ ನಿರ್ಧಾರಗಳಿಂದ ಒದಗಿದ ಅಂತ್ಯಕ್ಕಾದರೋ ಕಾರಣವನ್ನು ಕೇಳಬೇಕಾಗುವುದು. ಆ ಗಿರಣಿಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ಕೇಳಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳು ತಡಮಾಡದೆ ಕೈಗೊಳ್ಳಬೇಕಾದ ಕಾರ್ಯ.