ಏನ್ ತುಂಬ್ತೀರಾ, ಯಜಮಾನ್ರೇ?

ಹಳೆಯ ಪಿಕಪ್‌ಗಳ ಬ್ಲೇಡ್ ಕಟ್ಟು ಬಿಚ್ಚಿ ಜೋಡಿಸುವ ಮೇಸ್ತ್ರಿಗಳು ಸಾಮಾನು ತೋರಿಸುವ ಮೊದಲು ಹೊರೆಯ ಲೆಕ್ಕ ಕೇಳುತ್ತಾರೆ. ಹುಣಸೂರು ಸೀಮೆಯ ಆ ಕಸುಬಿನ ಪರಿಚಯ.

ಕೆಎ 45 ಎಂದರೆ ಹುಣಸೂರು ಆರ್‌ಟಿಒ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಗಾಡಿಗಳ ನೋಂದಣಿ ಅಲ್ಲಿಯೇ. ಈ ನಂಬರಿನ ಪಿಕಪ್‌ಗಳಿಗೆ ವರ್ಷವಿಡೀ ಬಿಡುವಿಲ್ಲ. ಮುಂಗಾರು ಶುರುವಾದರೆ ಗೊಬ್ಬರದ ಮೂಟೆ, ತಂಬಾಕಿನ ಸಸಿ. ತಂಬಾಕಿನ ಎಲೆ ಹದಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ಸೌದೆ. ಹರಾಜು ತೆರೆದರೆ ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿಯ ಮಾರುಕಟ್ಟೆಗೆ ತಂಬಾಕಿನ ಬೇಲು. ಕೋಟೆ ಕಡೆ ಹತ್ತಿ ಮತ್ತು ಶುಂಠಿ, ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತ. ಡಾಂಬರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡುವ ಗಾಡಿ ಅದಕ್ಕೂ ಮುಂಚೆ ಹೊಲದ ಬದು, ಓಣಿ, ಹಳ್ಳ ದಾಟಿಯೇ ಬಂದಿರುತ್ತದೆ.

ಈ ಪೆಟ್ಟನ್ನೆಲ್ಲ ತಿನ್ನುವುದು ಗಾಡಿಯ ಅಡಿಯಲ್ಲಿರುವ ಕಮಾನಿನಾಕಾರದ ಉಕ್ಕಿನ ಪಟ್ಟಿಗಳ ಕಟ್ಟು. ಚಾಲಕರ ಬಾಯಲ್ಲಿ ಅದು ‘ಬ್ಲೇಡ್’. ಅದು ಕಟ್ಟಾದಾಗ, ಚಪ್ಪಟೆಯಾದಾಗ, ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಹೋಗುವುದು ಊರಂಚಿನ ತಗಡಿನ ಶೆಡ್ಡಿಗೆ. ಬೋರ್ಡಿನ ಮೇಲೆ ‘ಸ್ಪ್ರಿಂಗ್ ವರ್ಕ್ಸ್’ ಎಂದೋ ‘ಬ್ಲೇಡ್ ಸೆಟ್ಟಿಂಗ್’ ಎಂದೋ ಬರೆದಿರುತ್ತದೆ. ಪಳಗಿದ ಮೇಸ್ತ್ರಿ ಗಾಡಿ ಯಾವುದೆಂದು ಕೇಳುವುದಿಲ್ಲ, ಅದು ಕಣ್ಣಿಗೇ ಕಾಣುತ್ತದೆ. ಅವರು ಕೇಳುವುದು, “ಏನ್ ತುಂಬ್ತೀರಾ, ಯಜಮಾನ್ರೇ?” ಎಂದು. ಉತ್ತರ ಬಹುಪಾಲು ಒಂದೇ: “ಜಾಸ್ತಿ ಏನಿಲ್ಲ ಅಣ್ಣ, ಒಂದ್ ಟನ್ನು.” ಮೇಸ್ತ್ರಿ ಅದನ್ನು ನಂಬದೆ ಗಾಡಿಯಡಿ ತೂರುತ್ತಾರೆ. ಬ್ಲೇಡಿನ ಮೇಲೆ ನಿಜವಾದ ಲೆಕ್ಕ ಬರೆದಿರುತ್ತದೆ.

ಬಂಡಿಯಿಂದ ಪಿಕಪ್‌ಗೆ

ಹೊರೆ ಹೊರುವ ಗಾಡಿಗಳನ್ನು ಕಟ್ಟಿ ದುರಸ್ತಿ ಮಾಡುವುದು ಹುಣಸೂರಿಗೆ ಹೊಸದಲ್ಲ. 19ನೇ ಶತಮಾನದಲ್ಲಿ ಇದು ಅಮೃತಮಹಲ್ ದನಗಳ ಕೇಂದ್ರವಾಗಿತ್ತು. ಮದ್ರಾಸ್ ಸೇನೆಗೆ ಸಾಮಾನು ಒದಗಿಸುವ ಇಲಾಖೆಯ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆ ಇಲ್ಲಿದ್ದವು. 1864ರಲ್ಲಿ ಅವು ಮುಚ್ಚಿದವು. ಕೆಲಸ ಕಲಿತ ಕೈಗಳು ಮಾತ್ರ ಊರಲ್ಲೇ ಉಳಿದವು, ಎತ್ತಿನ ಬಂಡಿ ಕಟ್ಟುವ ಕೆಲಸ ಇಲ್ಲಿ ಮುಂದುವರಿಯಿತು.

ಎತ್ತಿನ ಬಂಡಿಗೆ ಸ್ಪ್ರಿಂಗ್ ಇರಲಿಲ್ಲ. ಅದರ ವೇಗಕ್ಕೆ ಬೇಕಾಗಿಯೂ ಇರಲಿಲ್ಲ. ಲಂಡನ್ನಿನ ಒಬದಾಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ ಉಕ್ಕಿನ ಕಮಾನು ಸ್ಪ್ರಿಂಗು ಕುದುರೆ ಸಾರೋಟುಗಳಲ್ಲಿ ಹರಡಿ, ಮೈಸೂರಿನ ಟಾಂಗಾಗಳಿಗೂ ಬಂದು, ಆಮೇಲೆ ಜೀಪು ಲಾರಿಗಳಡಿ ಸೇರಿತು. ಸಣ್ಣ ಸರಕು ಗಾಡಿಗಳ ಕಾಲ ಶುರುವಾದದ್ದು ತೀರ ಈಚೆಗೆ. ಟಾಟಾ ಮೊಬೈಲ್ ಬಂದದ್ದು 1988ರಲ್ಲಿ, ಏಸ್ 2005ರಲ್ಲಿ, ಅಶೋಕ್ ಲೇಲ್ಯಾಂಡ್‌ನ ದೋಸ್ತ್ 2011ರಲ್ಲಿ. ಇವುಗಳ ಜೊತೆಗೆ ಬೊಲೆರೊ ಪಿಕಪ್, ಟಾಟಾ 207. ಹತ್ತು ಹದಿನೈದು ವರ್ಷ ದುಡಿದ ಈ ಗಾಡಿಗಳೇ ಇಂದು ಬ್ಲೇಡ್ ಶೆಡ್ಡುಗಳ ಗಿರಾಕಿಗಳು. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಸಾಲ ತೀರಿರುತ್ತದೆ, ಮಾರಲು ಮನಸ್ಸಿರುವುದಿಲ್ಲ.

ಬಾಗುವ ಉಕ್ಕಿನ ಲೆಕ್ಕ

ಒಂದೇ ದಪ್ಪ ಪಟ್ಟಿ ಹಾಕಿದರೆ ಸಾಲದೇ, ಐದಾರು ತೆಳು ಪಟ್ಟಿ ಏಕೆ? ಕಾಗದದ ಕಟ್ಟೊಂದನ್ನು ಬಾಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಸಲೀಸಾಗಿ ಬಾಗುತ್ತದೆ. ಅಂಟು ಹಚ್ಚಿ ಒಂದೇ ಹಲಗೆ ಮಾಡಿದರೆ ಬಾಗುವುದಿಲ್ಲ. ಪಟ್ಟಿಯ ಬಿಗುಪು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 8 ಮಿ.ಮೀ.ನ ಐದು ಪಟ್ಟಿಗಳ ಬಿಗುಪು, ಅಷ್ಟೇ ಉದ್ದಗಲದ 40 ಮಿ.ಮೀ. ಒಂಟಿ ಪಟ್ಟಿಯ 25ನೇ ಒಂದು ಭಾಗ ಮಾತ್ರ.

ಗಿರಾಕಿಗೆ ಉಪಯೋಗಕ್ಕೆ ಬರುವ ಲೆಕ್ಕ ಇನ್ನೊಂದಿದೆ. 8 ಮಿ.ಮೀ. ಬ್ಲೇಡಿನ ಜಾಗಕ್ಕೆ 9 ಮಿ.ಮೀ. ಬ್ಲೇಡ್ ಬಂದರೆ ಅದರ ಬಿಗುಪು ಸುಮಾರು ಶೇ 42ರಷ್ಟು ಏರುತ್ತದೆ. ‘ಒಂದ್ ಎಂಎಂ ತಾನೇ’ ಎಂದು ಸಿಕ್ಕಿದ್ದನ್ನು ಕೂರಿಸಿದರೆ ಗಾಡಿಯ ಸ್ವಭಾವವೇ ಬದಲಾಗುವುದು ಇದಕ್ಕೇ.

ಕಟ್ಟಿನ ಮೇಲಿನ ಉದ್ದದ ಪಟ್ಟಿ ಮೇನ್ ಬ್ಲೇಡ್. ಅದರ ಎರಡೂ ತುದಿ ಸುರುಳಿಯಾಗಿ ಕಣ್ಣಾಗಿರುತ್ತವೆ, ಕಣ್ಣೊಳಗೆ ಬುಷ್. ಒಂದು ತುದಿ ಚಾಸಿಸ್‌ನ ಬ್ರಾಕೆಟ್‌ಗೆ ಸೇರಿದರೆ ಇನ್ನೊಂದು ಶ್ಯಾಕಲ್‌ಗೆ. ಬ್ಲೇಡ್ ಚಪ್ಪಟೆಯಾದಾಗ ಹೆಚ್ಚುವ ಉದ್ದಕ್ಕೆ ಶ್ಯಾಕಲ್ ಆಡಿ ಜಾಗ ಕೊಡುತ್ತದೆ. ನಡುವೆ ಎಲ್ಲ ಪಟ್ಟಿಗಳನ್ನು ಪೋಣಿಸುವ ಸೆಂಟರ್ ಬೋಲ್ಟ್, ಇಡೀ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯೂ ಬೋಲ್ಟ್.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಅದು ಹೊರೆ ಹೊರುವುದಿಲ್ಲ. ಬ್ಲೇಡ್ ಒಮ್ಮೆ ಕುಣಿದದ್ದು ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದಷ್ಟೇ ಅದರ ಕೆಲಸ. ಗಾಡಿ ಕೂತುಹೋಗಿದೆ ಎಂದು ಹೊಸ ಶಾಕ್ ಹಾಕಿಸಿದರೆ ದುಡ್ಡು ದಂಡ. ಹಂಪ್ ದಾಟಿದ ಮೇಲೂ ತೂಗಾಡುತ್ತಿದ್ದರೆ, ಶಾಕ್‌ನ ಮೈಮೇಲೆ ಎಣ್ಣೆ ಜಿನುಗಿದ್ದರೆ ಆಗ ಅದರ ಸರದಿ.

ಮೇಸ್ತ್ರಿಯ ಪರೀಕ್ಷೆ

ಗಾಡಿಯನ್ನು ಸಮನೆಲದ ಮೇಲೆ ಖಾಲಿ ನಿಲ್ಲಿಸಿ, ನಾಲ್ಕೂ ಚಕ್ರದ ಗಾಳಿ ಸರಿಯಿದೆಯೇ ನೋಡಿ, ಎರಡೂ ಮಗ್ಗುಲಿನ ಎತ್ತರ ಅಳೆಯುವುದು ಮೊದಲ ಕೆಲಸ. ಆಮೇಲೆ ಬ್ಲೇಡುಗಳ ನಡುವೆ ತುಕ್ಕಿನ ಗೆರೆ. ಬಿರುಕಿನಿಂದ ಇಳಿದ ಕೆಂಪು ತುಕ್ಕಿನ ನೀರು ಒಣಗಿ ಗುರುತು ಬಿಟ್ಟಿರುತ್ತದೆ. ಯೂ ಬೋಲ್ಟ್ ಕೆಳಗೆ ಉಜ್ಜಿ ಹೊಳೆಯುವ ಜಾಗವಿದ್ದರೆ ಕಟ್ಟು ಸಡಿಲವಾಗಿ ಆಡುತ್ತಿದೆ ಎಂದರ್ಥ. ಹೀಗೆ ಆಡುತ್ತಾ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ಲೇ ಹಿಂದಕ್ಕೆ ಸರಿಯುತ್ತದೆ, ಸ್ಟೀರಿಂಗ್ ನೇರವಿದ್ದರೂ ಗಾಡಿ ಓರೆಯಾಗಿ ಓಡುತ್ತದೆ. ಶ್ಯಾಕಲ್‌ಗೆ ಸಲಾಕೆ ಕೊಟ್ಟು ಮೀಟಿದರೆ ಬುಷ್ ಸವೆದಿದೆಯೋ ಇಲ್ಲವೋ ತಿಳಿಯುತ್ತದೆ. ಕಟಕಟ ಸದ್ದಿನ ಅನೇಕ ಗಾಡಿಗಳಿಗೆ ಬೇಕಾದದ್ದು ಬುಷ್ ಮಾತ್ರ. ಅಲ್ಲಿ ಬ್ಲೇಡ್ ಸೆಟ್ ಮಾರದೆ ಕಳಿಸುವ ಮೇಸ್ತ್ರಿಯನ್ನು ಊರು ನೆನಪಿಟ್ಟುಕೊಳ್ಳುತ್ತದೆ.

ಹೊಸದೋ, ಬಡಿಸಿದ್ದೋ?

ಕೂತ ಬ್ಲೇಡಿಗೆ ಮೂರು ದಾರಿ: ಹಳೆಯದನ್ನೇ ಬಡಿಸಿ ಬಾಗು ತರುವುದು, ಗುಜರಿಯ ಸೆಕೆಂಡ್ ಹ್ಯಾಂಡ್ ಸೆಟ್, ಅಥವಾ ಹೊಸದು.

ಬಡಿಸುವುದು ಅಗ್ಗ. ಆದರೆ ಬ್ಲೇಡಿನ ಜೀವ ಇರುವುದು ಬಾಗಿನಲ್ಲಲ್ಲ, ಹದದಲ್ಲಿ. ಇದಕ್ಕೆ ಬಳಸುವ 55ಎಸ್‌ಐ7ನಂಥ ಉಕ್ಕಿನಲ್ಲಿ ಶೇ 0.5ರಿಂದ 0.6 ಇಂಗಾಲ, ಶೇ 1.5ರಿಂದ 2 ಸಿಲಿಕಾನ್ ಇರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400–500 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಹದಗೊಳಿಸುತ್ತಾರೆ. ಆಮೇಲೆ ಬ್ಲೇಡಿನ ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚುತ್ತಾರೆ. ಹಾಗೆ ಬಿಗಿದ ಮೈಯಲ್ಲಿ ಬಿರುಕು ಬೇಗ ಹುಟ್ಟುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಗಾಳಿಗೆ ಆರಲು ಬಿಟ್ಟರೆ ಈ ಹದ ಹೋಗಿಬಿಡುತ್ತದೆ. ತಣ್ಣಗಿರುವಾಗಲೇ ಬಡಿದರೆ ಹದ ಉಳಿದರೂ ಸುತ್ತಿಗೆಯ ಗಾಯದಿಂದ ಮುಂದೆ ಬಿರುಕು ಹೊರಡಬಹುದು. ಬಡಿಸಿದ ಬ್ಲೇಡ್ ಒಂದು ಹಂಗಾಮು ದಾಟಿಸುವ ಉಪಾಯ. ಅದನ್ನು ಹಾಗೆಂದೇ ಹೇಳಿ ಕೊಡುವವರು ಒಳ್ಳೆಯ ಮೇಸ್ತ್ರಿ.

ಕಟ್ಟಾದ ಬ್ಲೇಡಿಗೆ ವೆಲ್ಡಿಂಗ್ ಮಾತ್ರ ಎಂದೂ ಕೂಡದು. ಬೆಸುಗೆಯ ಪಕ್ಕದ ಉಕ್ಕು ಗಾಜಿನ ಗುಣ ಪಡೆದು ಮುಂದಿನ ಗುಂಡಿಯಲ್ಲೇ ಮುರಿಯುತ್ತದೆ. ಅಂಥ ತುಂಡಿಗೆ ತಕ್ಕ ಜಾಗ ಕಮ್ಮಾರರ ಕುಲುಮೆ. ಮಚ್ಚು, ಕುಡುಗೋಲಿಗೆ ಹಳೆಯ ಬ್ಲೇಡಿನಷ್ಟು ಒಳ್ಳೆಯ ಉಕ್ಕು ಹಳ್ಳಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸೆಟ್ ಎಷ್ಟು ದುಡಿದಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಹೊಸದು ಕೊಳ್ಳುವಾಗ ಹಳೆಯ ಬ್ಲೇಡನ್ನೇ ಜೊತೆಗೆ ಒಯ್ಯುವುದು ಮೇಲು. ಕಣ್ಣಿನಿಂದ ಕಣ್ಣಿಗೆ ಉದ್ದ, ಅಗಲ, ಪ್ರತಿ ಪಟ್ಟಿಯ ದಪ್ಪ, ಪಟ್ಟಿಗಳ ಸಂಖ್ಯೆ, ಬುಷ್ ಅಳತೆ, ಬಾಗಿನ ಎತ್ತರ, ಇವಿಷ್ಟೂ ಕೂಡಬೇಕು. ಸೆಂಟರ್ ಬೋಲ್ಟ್ ತೂತು ಎಷ್ಟೋ ಬ್ಲೇಡುಗಳಲ್ಲಿ ಸರಿಯಾಗಿ ನಡುವೆ ಇರುವುದಿಲ್ಲ, ಹಿಂದುಮುಂದಾಗಿ ಕೂರಿಸಿದರೆ ಆಕ್ಸಲ್ ಜಾಗ ತಪ್ಪುತ್ತದೆ. 1954ರಲ್ಲಿ ಹರಿಯಾಣದ ಯಮುನಾನಗರದಲ್ಲಿ ಶುರುವಾದ ಜಮ್ನಾ ಆಟೊದಂಥ ಬ್ಲೇಡ್ ತಯಾರಕರು, 1961ರ ಗೇಬ್ರಿಯಲ್‌ನಂಥ ಶಾಕ್ ತಯಾರಕರು ಗಾಡಿ ಕಂಪನಿಗಳಿಗೂ ಬಿಡಿಭಾಗದ ಅಂಗಡಿಗಳಿಗೂ ಸಾಮಾನು ಕೊಡುತ್ತಾರೆ. ಹೆಸರು ಯಾವುದೇ ಇರಲಿ, ಪಾರ್ಟ್ ನಂಬರ್ ನೋಡಿ, ಬಿಲ್ ಕೇಳಿ. ಬ್ಲೇಡನ್ನೂ ಶಾಕನ್ನೂ ಎರಡೂ ಮಗ್ಗುಲಿಗೆ ಜೋಡಿಯಾಗಿಯೇ ಬದಲಿಸಿ.

ಎಕ್ಸ್‌ಟ್ರಾ ಬ್ಲೇಡಿನ ಆಸೆ

ಶುಂಠಿಯ ದರ ಹೇಳುವುದು 60 ಕೆ.ಜಿ. ಮೂಟೆಗೆ. ಏಸ್ ಹೊರಬಹುದಾದ ಭಾರ 750 ಕೆ.ಜಿ., ಅಂದರೆ 12 ಮೂಟೆ ಹಾಕಿದರೆ 720. ಇಪ್ಪತ್ತು ಹಾಕಿದರೆ 1,200. ಎರಡು ಟ್ರಿಪ್ಪಿನ ಕೆಲಸ ಒಂದರಲ್ಲಿ ಮುಗಿಸುವ ಆಸೆಗೆ ‘ಒಂದ್ ಬ್ಲೇಡ್ ಜಾಸ್ತಿ ಹಾಕ್ಬಿಡಿ’ ಎಂಬ ಕೋರಿಕೆ ಹುಟ್ಟುತ್ತದೆ.

ಹಾಕಿದರೆ ಗಾಡಿ ವಾಲುವುದಿಲ್ಲ, ಎದೆಯುಬ್ಬಿಸಿ ನಿಲ್ಲುತ್ತದೆ. ಮೋಸ ಇರುವುದು ಅಲ್ಲೇ. ಬ್ಲೇಡ್ ತಿನ್ನುತ್ತಿದ್ದ ಪೆಟ್ಟು ಈಗ ಚಾಸಿಸ್‌ಗೆ, ಬ್ರಾಕೆಟ್ಟಿನ ರಿವೆಟ್‌ಗೆ, ಆಕ್ಸಲ್‌ಗೆ ಹೋಗುತ್ತದೆ. ಬ್ರೇಕು, ಟೈರು, ಬೇರಿಂಗ್ ಮೊದಲಿದ್ದಷ್ಟೇ ಇವೆ. ಖಾಲಿ ಓಡುವಾಗ ಹಿಂಭಾಗ ಎಗರಿ ಟೈರಿನ ಹಿಡಿತ ತಪ್ಪುತ್ತದೆ. ಆರ್‌ಸಿಯಲ್ಲಿ ಬರೆದ ತೂಕವೂ ಬದಲಾಗುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು.

ಕೂರಿಸುವುದು, ಕಾಪಾಡುವುದು

ಹಳೆಯ ಕಟ್ಟು ಬಿಚ್ಚುವಾಗ ಮೊದಲು ವೈಸಿನಲ್ಲಿ ಬಿಗಿದು, ಆಮೇಲಷ್ಟೇ ಸೆಂಟರ್ ಬೋಲ್ಟ್ ತೆಗೆಯುತ್ತಾರೆ. ಇಲ್ಲದಿದ್ದರೆ ಪಟ್ಟಿಗಳು ಎಗರಿ ಮೈಕೈಗೆ ಬಡಿಯುತ್ತವೆ. ಗಾಡಿ ಬರೀ ಜಾಕಿನ ಮೇಲೆ ನಿಂತಿರುವಾಗ ಅಡಿಗೆ ತೂರಬಾರದು, ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟಿರಬೇಕು. ಯೂ ಬೋಲ್ಟ್ ಒಮ್ಮೆ ಬಿಗಿದರೆ ಹಿಗ್ಗಿರುತ್ತದೆ, ಹೊಸ ಬ್ಲೇಡಿಗೆ ಹೊಸದೇ ಬೇಕು. ರಬ್ಬರ್ ಬುಷ್ಷಿನ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತ ಮೇಲೆ. ಜಾಕಿನಲ್ಲಿ ನೇತಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಯೂ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು. ಪಟ್ಟಿಗಳು ಒಂದಕ್ಕೊಂದು ಕೂತು ಕಟ್ಟು ಸಡಿಲವಾಗುವುದು ಆ ದಿನಗಳಲ್ಲೇ. ಎಷ್ಟೋ ಗಿರಾಕಿಗಳು ತಪ್ಪಿಸುವ ಕೆಲಸವೂ ಇದೇ.

ಕಬ್ಬಿಣದ ಬುಷ್ ಮತ್ತು ಪಿನ್ ಇರುವಲ್ಲಿ ನಿಪ್ಪಲ್ ಮೂಲಕ ಗ್ರೀಸ್ ಹೊಡೆಸಬೇಕು. ರಬ್ಬರಿಗೆ ಗ್ರೀಸ್, ಎಣ್ಣೆ ಎರಡೂ ಆಗದು. ಎಂಜಿನ್ನಿನ ಹಳೆಯ ಆಯಿಲ್ಲನ್ನು ಬ್ಲೇಡಿಗೆ ಸುರಿಯುವ ರೂಢಿಯಿದೆ. ಅದರಿಂದ ಸದ್ದು ನಿಂತರೂ ಧೂಳು ಮೆತ್ತಿ ಪಟ್ಟಿ ಸವೆಯುತ್ತದೆ, ಬುಷ್ಷಿನ ರಬ್ಬರ್ ಕೊಳೆಯುತ್ತದೆ. ಜೋಡಿಸುವಾಗಲೇ ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಬಳಿದರೆ ಆಯಿಲ್ಲಿನ ಗೊಡವೆ ಇರದು. ಮಳೆಗಾಲದಲ್ಲಿ ಹೊಲದಿಂದ ಬಂದ ಗಾಡಿಯ ಮೇಲ್ಮೈಗಿಂತ ಅಡಿಮೈಯನ್ನು ಮೊದಲು ತೊಳೆಯಿರಿ. ಅಲ್ಲಿ ಕಚ್ಚಿದ ಕೆಸರಿನಡಿಯೇ ತುಕ್ಕು ಹಿಡಿಯುತ್ತದೆ.

ಹೊಸ ಗಾಡಿಗಳಲ್ಲಿ ಪಟ್ಟಿಗಳ ಸಂಖ್ಯೆ ಇಳಿಯುತ್ತಿದೆ. ನಡುವೆ ದಪ್ಪ, ತುದಿಯತ್ತ ತೆಳುವಾಗುವ ಪ್ಯಾರಬಾಲಿಕ್ ಬ್ಲೇಡುಗಳನ್ನು ಸುತ್ತಿಗೆಯಿಂದ ಬಡಿದು ಸರಿಮಾಡುವಂತಿಲ್ಲ, ಬದಲಿಸಲೇಬೇಕು. ಬಡಿಯುವ ಕೆಲಸ ಕಡಿಮೆಯಾದಂತೆ ಮೇಸ್ತ್ರಿಯ ಬೆಲೆ ಕೈಬಲಕ್ಕಿಂತ ಅಂದಾಜಿನ ಮೇಲೆ ನಿಲ್ಲುತ್ತಿದೆ. ಯಾವ ಗಾಡಿ, ಯಾವ ದಾರಿ, ಎಷ್ಟು ಹೊರೆ ಎಂಬ ಮೂರನ್ನೂ ಕೂಡಿಸಿ ಸರಿಯಾದ ಸೆಟ್ ಹೇಳುವುದು ಅಂಗಡಿಯ ಕ್ಯಾಟಲಾಗಿನಿಂದ ಆಗುವ ಕೆಲಸವಲ್ಲ. ಮೂರನೆಯ ಲೆಕ್ಕ ಮಾತ್ರ ಮಾಲೀಕರ ಕೈಯಲ್ಲೇ ಇದೆ. ಮುಂದಿನ ಹಂಗಾಮಿಗೆ ಗಾಡಿ ರೆಡಿ ಮಾಡಿಸುವವರು ಹೋದ ಹಂಗಾಮಿನ ತೂಕದ ಚೀಟಿಗಳನ್ನು ಶೆಡ್ಡಿಗೆ ಒಯ್ದರೆ, ಅರ್ಧ ಆಯ್ಕೆ ಅಲ್ಲೇ ಮುಗಿದಂತೆ.