ಎದುರಿಗೊಂದು ಶಾಲೆ ಬೇಕು

ಖೋ ಖೋ ಅಂಕಣದ ನಡುಗೆರೆಯ ಮೇಲೆ ಎಂಟು ಹುಡುಗಿಯರು ಕೂತಿದ್ದಾರೆ. ಒಬ್ಬಳ ಮುಖ ಮೂಡಣಕ್ಕಿದ್ದರೆ ಪಕ್ಕದವಳ ಮುಖ ಪಡುವಣಕ್ಕೆ. ಕೂತಿದ್ದಾರೆ ಎಂದರೆ ನೆಲಕ್ಕೆ ಊರಿ ಕೂತಿಲ್ಲ. ಒಂದು ಪಾದ ಮುಂದಿದೆ, ಒಂದು ಹಿಂದಿದೆ, ಕೈಬೆರಳ ತುದಿ ಮಣ್ಣಿಗೆ ತಾಗಿದೆ, ಮೈಭಾರವೆಲ್ಲ ಮುಂಗಾಲಿನ ಮೇಲಿದೆ. ಬೆನ್ನ ಹಿಂದೆ ಯಾರೋ ‘ಖೋ’ ಎಂದು ಮುಟ್ಟಿದ್ದೇ ತಡ, ಆ ಬೆರಳುಗಳು ನೆಲವನ್ನು ಒತ್ತಿ ಬಿಟ್ಟಿರುತ್ತವೆ. ಎರಡನೇ ಹೆಜ್ಜೆಗಾಗಲೇ ಪೂರ್ತಿ ಓಟ. ಅವಳು ಎದ್ದ ಜಾಗದಲ್ಲಿ ಐದು ಬೆರಳಿನ ಗುರುತು ಮಾತ್ರ ಉಳಿದಿರುತ್ತದೆ.

ಅಂತರ್‌ಶಾಲಾ ಕ್ರೀಡಾಕೂಟದ ಹಂಗಾಮು ಬರುವುದು ನಮ್ಮಲ್ಲಿ ಮಳೆಗಾಲದಲ್ಲೇ. ಹೊಲದಲ್ಲಿ ತೊಗರಿ ಮೊಳಕಾಲೆತ್ತರ ಬಂದಿರುವಾಗ ಶಾಲೆಗಳಲ್ಲಿ ತಂಡ ಕಟ್ಟುವ ಗಡಿಬಿಡಿ. ಕಲಬುರಗಿಯ ಎರೆ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಬೂಟಿಗೆ ಕೆಜಿಗಟ್ಟಲೆ ಅಂಟಿಕೊಳ್ಳುತ್ತದೆ. ಒಣಗಿದರೆ ಬಿರುಕು, ಬಿರುಕಿನಲ್ಲಿ ಕಾಲು. ಹಾಗಾಗಿ ಪಿ.ಟಿ. ಸರ್ ಮಕ್ಕಳಿಗಿಂತ ಮೊದಲೇ ಮೈದಾನಕ್ಕೆ ಬಂದು ಮರಳು ಚೆಲ್ಲಿಸಿ, ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡಿದರೆ ಶಾಲೆಗೆ ಆಟದ ಮೇಲೆ ಎಷ್ಟು ಅಕ್ಕರೆಯಿದೆ ಎಂದು ತಿಳಿಯುತ್ತದೆ.

ಶಾಲಾ ಶಿಕ್ಷಣ ಇಲಾಖೆಯ ಈ ಕೂಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ವಲಯ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಪ್ರೌಢಶಾಲೆಯವರಿಗೆ ವಯಸ್ಸಿನ ಮಿತಿ 17. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸರಕಾರಿ ಶಾಲೆಯ ಹುಡುಗ ಬರಿಗಾಲಲ್ಲೇ ಬಂದಿರಬಹುದು, ಗಾಜಿಪುರದ ಓಣಿಯಲ್ಲಿ ಬೆಳೆದ ಕಾನ್ವೆಂಟ್ ಹುಡುಗನ ಕಾಲಿಗೆ ಹೊಸ ಬೂಟು ಇರಬಹುದು. ಕಬಡ್ಡಿಯ 30 ಸೆಕೆಂಡಿನ ರೇಡಿನಲ್ಲಿ ಇಬ್ಬರೂ ಒಂದೇ. ಒಬ್ಬರಿಗೊಬ್ಬರು ಗುರುತಾಗಲು ಇಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಫಾದರ್, ಸಿಸ್ಟರ್‌ಗಳು ನಡೆಸುವ ಶಾಲೆಗಳ ಬಗ್ಗೆ ಒಂದು ಮಾತು ಹೇಳಬೇಕು. ‘ಅಲ್ಲಿ ಇಂಗ್ಲಿಷ್ ಚಲೋ ಕಲಸ್ತಾರ, ಶಿಸ್ತು ಭಾಳ’ ಎಂದು ನಮ್ಮ ಜನ ಮಕ್ಕಳನ್ನು ಸೇರಿಸುತ್ತಾರೆ. ಆದರೆ ಆಟದ ಬಯಲು ಈ ಪರಂಪರೆಯಲ್ಲಿ ಕಟ್ಟಡದ ಮುಂದೆ ಉಳಿದ ಖಾಲಿ ಜಾಗವಲ್ಲ. 19ನೇ ಶತಮಾನದ ಇಟಲಿಯ ಟ್ಯುರಿನ್‌ನಲ್ಲಿ ಬೀದಿಮಕ್ಕಳನ್ನು ಕೂಡಿಸಿಕೊಂಡ ಪಾದ್ರಿ ಡಾನ್ ಬಾಸ್ಕೊ, ಮನೆ, ಶಾಲೆ, ಚರ್ಚಿನಷ್ಟೇ ಆಟದ ಅಂಗಳವೂ ಮುಖ್ಯವೆಂದು ನಂಬಿ, ತಾವೂ ಮಕ್ಕಳ ಜೊತೆ ಆಡಿದವರು. ಇಂಥ ಶಾಲೆಗಳ ಕ್ರೀಡಾ ದಿನದ ಪಥಸಂಚಲನ, ಕೆಂಪು ಹಳದಿ ಹಸಿರು ನೀಲಿ ಹೌಸುಗಳು ಈಗ ಬೇರೆ ಶಾಲೆಗಳಿಗೂ ಹಬ್ಬಿವೆ.

ಕರ್ನಾಟಕದಲ್ಲಿ ಈ ಪರಂಪರೆಯ ಫಲ ಕಾಣಬೇಕಾದರೆ ಬೆಂಗಳೂರಿನ ಮ್ಯೂಸಿಯಂ ರಸ್ತೆಗೆ ಹೋಗಬೇಕು. ಅಲ್ಲಿರುವ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯ ಚರಿತ್ರೆ 1858ರಿಂದ ಶುರುವಾಗುತ್ತದೆ. ಫ್ರೆಂಚ್ ಮಿಷನರಿಗಳು ಕಟ್ಟಿದ್ದನ್ನು 1937ರಲ್ಲಿ ಜೆಸ್ವಿಟ್ ಪಾದ್ರಿಗಳು ವಹಿಸಿಕೊಂಡರು. ಕ್ರಿಕೆಟಿಗ ರಾಹುಲ್ ದ್ರಾವಿಡ್ ಓದಿದ್ದು ಅಲ್ಲೇ. ಬೇಸಿಗೆ ಶಿಬಿರದಲ್ಲಿ ಅವರನ್ನು ಗುರುತಿಸಿದ ಕೋಚ್ ಕೇಕಿ ತಾರಾಪೋರ್ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಅದೇ ಊರಿನಲ್ಲಿ, ಅಷ್ಟು ದೂರವೇನೂ ಇಲ್ಲದೆ, 1865ರಿಂದ ಇರುವ ಬಿಷಪ್ ಕಾಟನ್ ಶಾಲೆಯನ್ನು ಮರೆಯಬಾರದು. ಕಾಟನ್ ಪ್ರಾಟೆಸ್ಟಂಟರದು, ಜೋಸೆಫ್ಸ್ ಕ್ಯಾಥೊಲಿಕರದು. ತಲೆಮಾರುಗಳ ಜಿದ್ದು. ಕಾಟೋನಿಯನ್ ಶೀಲ್ಡ್‌ನಂಥ ಶಾಲಾ ಟೂರ್ನಿಗಳಲ್ಲಿ ಹುಡುಗರು ಗೆಲ್ಲುವುದನ್ನೂ ಸೋಲುವುದನ್ನೂ ಕಲಿತರು. ದ್ರಾವಿಡ್ ಅವರ 164 ಟೆಸ್ಟ್, 13,288 ರನ್‌ಗಳ ತಾಳ್ಮೆಯಲ್ಲಿ ಇಂಥ ಮೈದಾನಗಳಿಗೂ ಪಾಲಿದೆ ಎಂಬುದು ನನ್ನ ನಂಬಿಕೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಚಿನ್ನ ಗೆದ್ದ ಅಶ್ವಿನಿ ಪೊನ್ನಪ್ಪ ಕೂಡ ಬೆಂಗಳೂರಿನ ಸೇಂಟ್ ಫ್ರಾನ್ಸಿಸ್ ಝೇವಿಯರ್ ಬಾಲಕಿಯರ ಶಾಲೆಯವರು.

ಒಳ್ಳೆಯ ಆಟಗಾರನಿಗೆ ಕೋಚ್ ಬೇಕು, ಬಯಲು ಬೇಕು, ಅದಕ್ಕೂ ಮಿಗಿಲಾಗಿ ಎದುರಿಗೊಂದು ಶಾಲೆ ಬೇಕು. ನಮ್ಮ ಊರಿನ ಕೊರತೆ ಇಲ್ಲೇ ಇದೆ. ಇಲಾಖೆಯ ಕೂಟದ ಮೊದಲ ಸುತ್ತಿನಲ್ಲಿ ಸೋತ ತಂಡಕ್ಕೆ ಆ ವರ್ಷದ ಆಟ ಮುಗಿಯಿತು. ಹದಿನೈದು ದಿನ ಅಭ್ಯಾಸ ಮಾಡಿ, ಇಪ್ಪತ್ತು ನಿಮಿಷ ಆಡಿ, ಮತ್ತೆ ಮುಂದಿನ ಮಳೆಗಾಲದವರೆಗೆ ಕಾಯುವುದು. ಕಲಬುರಗಿಯ ನಾಲ್ಕು ಶಾಲೆಗಳು ಕೂಡಿ ಶನಿವಾರ ಮಧ್ಯಾಹ್ನ ಪಾಳಿಯ ಮೇಲೆ ಒಂದರ ಬಯಲಿಗೆ ಇನ್ನೊಂದು ಹೋಗಿ ಆಡಿದರೆ ದೊಡ್ಡ ಖರ್ಚೇನೂ ಇಲ್ಲ. ಒಂದು ಸೀಟಿ, ಒಂದು ಚೀಲ ಸುಣ್ಣ, ಕುಡಿಯಲು ಒಂದು ಕೊಡ ನೀರು.

ಇನ್ನೊಂದು ನೋವು ನನ್ನದೇ. ನಾನು ಓದಿದ ಶಾಲೆಯಲ್ಲಿ ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಯ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಹುಡುಗಿ ಅಲ್ಲಿಗೇ ಓಟ ನಿಲ್ಲಿಸಿದಳು. ಅವಳನ್ನು ಮನೆಯವರಾಗಲಿ ಶಾಲೆಯವರಾಗಲಿ ಮತ್ತೆ ಬಯಲಿಗೆ ಕರೆಯಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿದಾಗ, ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಟಿ.ವಿ. ಮುಂದೆ ಕೂತ ನನಗೆ ನೆನಪಾದದ್ದು ಆ ಸಹಪಾಠಿ.

ಈ ವರ್ಷ ಕೂಟ ಶುರುವಾದಾಗ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಹತ್ತಿರದ ಶಾಲೆಯ ಬಯಲಿಗೋ ಒಂದು ಗಳಿಗೆ ಹೋಗಿ ನಿಲ್ಲಿ. ನಿಮ್ಮ ಮಗಳ ಹೆಸರು ತಂಡದ ಪಟ್ಟಿಯಲ್ಲಿ ಬಂದಿದ್ದರೆ, ಎಸ್ಸೆಸ್ಸೆಲ್ಸಿ ಇದೆ ಎಂದು ದಯವಿಟ್ಟು ತಡೆಯಬೇಡಿ.